ಇನ್ನೊಬ್ಬಳ ನಂಬರ್

ಪೂನಮ್ ಬಾಗಿಲು ತೆರೆದಾಗ ಕರುಣಾಳ ಅಂಗೈಯ ಬೆವರಿನಲ್ಲಿ ಫೋನು ಜಾರುತ್ತಿತ್ತು. ಕೋಡ್ಲಾದಿಂದ ಸೇಡಂ ತನಕ ಬಸ್ಸಿನಲ್ಲಿ ಕ್ಯಾಮರಾ ತೆರೆಯುವುದು, ಮುಚ್ಚುವುದು, ಇದನ್ನೇ ಮಾಡಿಕೊಂಡು ಬಂದಿದ್ದಳು. ಇಬ್ಬರೂ ಹತ್ತನೇ ತರಗತಿ, ಒಂದೇ ಬೆಂಚು. ಭಾನುವಾರ ಮಧ್ಯಾಹ್ನ ಗಣಿತದ ನೆಪ ಹೇಳಿ ಬಂದವಳನ್ನು ಪೂನಮ್ ಏನೂ ಕೇಳಲಿಲ್ಲ. ಅವ್ವ ಡ್ಯೂಟಿ ಮುಗಿಸಿ ಬಂದು ಮಲಗಿದ್ದಾಳೆ, ಮೆಲ್ಲಗೆ ಮಾತಾಡು ಎಂದಷ್ಟೇ ಹೇಳಿ ಚಹಾ ಇಡಲು ಹೋದಳು.

ಸಂಜೆಯೊಳಗೆ ಕರುಣಾ ಒಂದು ಫೋಟೊ ಮತ್ತು ಒಂದು ನಂಬರ್ ಕಳಿಸಬೇಕಿತ್ತು. ನಂಬರ್ ಹಾಕಿದರೆ ಗೆಳೆಯರನ್ನು ಹುಡುಕಿಕೊಡುವ ಆ್ಯಪಿನಲ್ಲಿ ಶ್ವೇತಾ ಎಂಬವಳು ತಾನಾಗಿಯೇ ಮಾತಿಗೆ ಬಂದಿದ್ದಳು. ಕಲಬುರಗಿಯ ಕಾಲೇಜು ಹುಡುಗಿ ಅಂದಳು. ಕರುಣಾಳ ಹಾಡು, ಮೊಡವೆ, ಮನೆಯ ಜಗಳ ಎಲ್ಲವನ್ನೂ ಬೇಸರವಿಲ್ಲದೆ ಕೇಳಿಸಿಕೊಂಡಳು. ಆಮೇಲೆ ಒಂದು ಫೋಟೊ ಬೇಡಿದಳು. ಕರುಣಾ ಶಾಲೆಯ ಯೂನಿಫಾರ್ಮಿನಲ್ಲಿದ್ದ ಸಾದಾ ಫೋಟೊ ಕಳಿಸಿದಳು. ಅದೇ ಮುಖ ಬೇರೆ ಯಾವಳೋ ಹೆಂಗಸಿನ ಮೈಗೆ ಅಂಟಿಕೊಂಡು, ಕಣ್ಣೆತ್ತಿ ನೋಡಲಾಗದ ಚಿತ್ರವಾಗಿ ತಿರುಗಿ ಬಂತು. ಅದರ ಹಿಂದೆಯೇ ಕರೆ. ದನಿ ಗಂಡಸಿನದು. ಅವನು ಬೈಯಲಿಲ್ಲ, ಕೂಗಲಿಲ್ಲ. ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿಯುವ ಅವಳ ಅಪ್ಪ ನಾಮದೇವನ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿದ. ಇದು ಅವನಿಗೆ ಹೋಗಬಾರದು ಅಂದರೆ ನಿನ್ನ ಕ್ಲಾಸಿನ ಇನ್ನೊಬ್ಬ ಹುಡುಗಿಯನ್ನು ಕೊಡು, ನಿನ್ನದು ಅಳಿಸುತ್ತೇನೆ ಅಂದ.

ರಾತ್ರಿಯೆಲ್ಲ ಕರುಣಾ ಒಬ್ಬೊಬ್ಬರ ಹೆಸರನ್ನು ನೆನೆದು ಕೈಬಿಟ್ಟಿದ್ದಳು. ಕೊನೆಗೆ ಉಳಿದವಳು ಪೂನಮ್. ಅವಳು ತನ್ನ ಮೇಲೆ ಎಂದೂ ಸಂಶಯಪಡುವವಳಲ್ಲ.

ಪೂನಮ್ ಎರಡು ಕಪ್ ಚಹಾ ಹಿಡಿದು ಬಂದಳು. ಕರುಣಾ ಫೋನು ಎತ್ತಿ, ಹಿಂಗ ನೋಡು, ಒಂದು ಫೋಟೊ ಎಂದಳು. ತನ್ನ ದನಿ ತನಗೇ ಗುರುತು ಸಿಗಲಿಲ್ಲ. ಪೂನಮ್ ನಗಲಿಲ್ಲ. ಕಪ್ಪುಗಳನ್ನು ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

“ಯಾರಿಗೆ ಕಳಸಾಕತ್ತಿ?” ಎಂದಳು ಬೆರಳುಗಳ ಹಿಂದಿನಿಂದ.

ಕರುಣಾ ಫೋನು ಇಳಿಸಿದಳು. ಅಳು ಒತ್ತರಿಸಿ ಬಂದು, ಒಳಗೆ ಮಲಗಿದವರಿಗೆ ಕೇಳದಂತೆ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡಳು. ಪೂನಮ್ ಹತ್ತಿರ ಬರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತಲ್ಲಿಂದಲೇ ಹೇಳಿದಳು.

“ನಿನ್ನ ನಂಬರ ನಾನೇ ಕೊಟ್ಟೀನಿ. ಕೊಟ್ರ ನಂದು ತೆಗದುಹಾಕ್ತೀನಿ ಅಂದಿದ್ದ.”

“ತೆಗದನೇನು?”

“ಇಲ್ಲ. ಈಗ ಇನ್ನೊಂದು ಕೇಳಾಕತ್ತಾನ.”

ಅಷ್ಟರಲ್ಲಿ ಕರುಣಾಳ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಶ್ವೇತಾ ಎಂಬ ಹೆಸರು. ಇಬ್ಬರೂ ಅದನ್ನು ಹಾವು ನೋಡಿದಂತೆ ನೋಡುತ್ತ ನಿಂತರು. ಕರೆ ನಿಂತಿತು. ಮತ್ತೆ ಬಡಿದುಕೊಂಡಿತು. ಮೂರನೇ ಸಲಕ್ಕೆ ಒಳಗಿನ ಬಾಗಿಲು ಸರಿದು ಪೂನಮಳ ತಾಯಿ ಲಲಿತಾಬಾಯಿ ಹೊರಗೆ ಬಂದಳು. ಬಸ್ ಕಂಡಕ್ಟರ್ ಅವಳು, ಕುಡಿದು ಗಲಾಟೆ ಮಾಡುವವರ ರಟ್ಟೆ ಹಿಡಿದು ಚಿತ್ತಾಪುರದ ದಾರಿಯಲ್ಲಿ ಇಳಿಸಿ ಬಂದವಳು. ಮಕ್ಕಳ ಮುಖ ನೋಡಿ ಅವಳ ನಿದ್ದೆ ಹಾರಿತು. ಯಾರದು ಕರೆ ಎಂದು ಕೇಳಿದಳು. ಅವಳು ಬಾಗಿಲಿಗೆ ಚಿಲಕ ಹಾಕಿ ಇಬ್ಬರ ನಡುವೆ ನೆಲದ ಮೇಲೆ ಕುಳಿತಳು. ಆಮೇಲೆ ಒಂದೊಂದೇ ಮಾತು ಹೊರಬಂತು.

ಎಲ್ಲ ಕೇಳಿ ಲಲಿತಾಬಾಯಿ ಮಗಳ ಕಡೆ ತಿರುಗಿದಳು. “ನನಗ್ಯಾಕ ಹೇಳಲಿಲ್ಲ?”

“ಸಾಲಿ ಬಿಡಸ್ತಿ ಅಂತ ಅಂಜಿದ್ದೆ ಯವ್ವಾ.”

ಬಿಡಿಸುತ್ತಿರಲಿಲ್ಲ ಎಂದು ಹೇಳಲು ಲಲಿತಾಬಾಯಿಗೆ ಆಗಲಿಲ್ಲ. ಎದ್ದು ಕೂದಲು ಕಟ್ಟಿಕೊಂಡಳು. ಅವನು ಹೇಳುವ ಮೊದಲು ನಾವೇ ಹೇಳಬೇಕು ಎಂದು ನಾಮದೇವನಿಗೆ ಫೋನು ಹಚ್ಚಿದಳು. ಮಾತು ಪೂರ್ತಿಯಾಗುವ ಮುಂಚೆ ಆ ಕಡೆಯಿಂದ ನಾಮದೇವನ ದನಿ ಕೇಳಿತು.

“ಫೋಟೊ ಬಂದದ ಅಕ್ಕಾರೆ. ಈಗೇ ನೋಡಿದೆ.” ಕರೆ ಎತ್ತದ ಸಿಟ್ಟಿಗೆ ಶ್ವೇತಾ ಎಂಬ ಹೆಸರಿನವನು ಸಂಜೆಯ ತನಕ ಕಾದಿರಲಿಲ್ಲ. “ಆಕಿನ್ನ ಒಬ್ಬಾಕಿನ್ನೇ ಬಿಡಬ್ಯಾಡ್ರಿ. ನಾ ಬರಾಕತ್ತೀನಿ.”

ಅವನು ಬಂದಾಗ ಬಟ್ಟೆಯ ಮೇಲೆ ಸಿಮೆಂಟಿನ ಧೂಳು ಹಾಗೇ ಇತ್ತು. ಮಗಳನ್ನು ಏನೂ ಕೇಳದೆ ಅವಳ ರಟ್ಟೆ ಹಿಡಿದುಕೊಂಡ. ನೋಯುವಷ್ಟು ಬಿಗಿಯಾಗಿ ಹಿಡಿದಿದ್ದ, ಕರುಣಾ ಬಿಡಿಸಿಕೊಳ್ಳಲಿಲ್ಲ. ನಾಲ್ವರೂ ಪೊಲೀಸ್ ಠಾಣೆಗೆ ನಡೆದರು.

ಠಾಣೆಯ ಮಹಿಳಾ ಪೇದೆ ಮೆಸೇಜುಗಳನ್ನು ನೋಡಿ, ಒಂದನ್ನೂ ಅಳಿಸಬೇಡಿ, ಇವೇ ಸಾಕ್ಷಿ ಅಂದಳು. ಅವನನ್ನು ಹುಡುಕಬಹುದು, ಆದರೆ ಒಂದೆರಡು ದಿನದ ಕೆಲಸವಲ್ಲ ಎಂದೂ ಹೇಳಿದಳು. ಆಮೇಲೆ ಪೂನಮಳನ್ನು ಕೇಳಿದಳು, ಅವನಿಗೆ ನಿನ್ನ ನಂಬರ್ ಕೊಟ್ಟವರು ಯಾರು? ಪೂನಮ್ ಗೊತ್ತಿಲ್ಲವೆಂದು ತಲೆಯಾಡಿಸಿದಳು.

ಪೇದೆ ಪೂನಮಳ ಫೋನಿನಲ್ಲೇ ತರಗತಿಯ ಹುಡುಗಿಯರೆಲ್ಲ ಇದ್ದ ಒಂದು ಫೋಟೊ ತೆರೆಸಿ ಮೇಜಿನ ಮೇಲಿಟ್ಟಳು.

“ಇದರಾಗ ಈಚೀಚೆ ಮಾತು ಕಡಿಮಿ ಮಾಡಿದಾಕಿ ಯಾರಾರ ಅದಾಳೇನು, ನೋಡು.”

ಪೂನಮ್ ಬಗ್ಗಿ ನೋಡಿದಳು. ಅವಳ ಬೆರಳು ಹಿಂದಿನ ಸಾಲಿನ ಒಂದು ಮುಖದ ಮೇಲೆ ನಿಂತಿತು. ಅಲ್ಲಿಂದ ಪಕ್ಕದ ಮುಖಕ್ಕೂ ಸರಿಯಿತು. ಆಮೇಲೆ ಕರುಣಾ ಕೂಡ ಮತ್ತೊಂದು ಮುಖದ ಕಡೆಗೆ ಕೈ ಚಾಚಿದಳು.