ಕೆಟ್ಟ ಸುದ್ದಿ ಹೇಳುವ ತರಬೇತಿ

ರೋಗಿಗೆ ಕೆಟ್ಟ ಸುದ್ದಿಯನ್ನು ಹೇಗೆ ತಿಳಿಸಬೇಕೆಂದು ಕಲಿಸುವ ತರಬೇತಿ ಅದು. ನೋಂದಣಿ ನವೀಕರಿಸಿಕೊಳ್ಳಲು ಡಾಕ್ಟರುಗಳಿಗೆ ಕಡ್ಡಾಯವಾಗಿತ್ತು. ಡಾಕ್ಟರ್ ಹೈಮವತಿಯವರಿಗೆ ರೋಗಿಯ ಪಾತ್ರ ಬಂತು. ಎದುರು ಕೂತವರು ಅವರದೇ ಆಸ್ಪತ್ರೆಯ ಲ್ಯಾಬಿನ ಡಾಕ್ಟರ್ ಜಿನದತ್ತ.

"ರಿಪೋರ್ಟ್ ಬಂದಿದೆ. ಕ್ಯಾನ್ಸರ್," ಎಂದು ಜಿನದತ್ತ ತಡವರಿಸಿದರು.

"ಇದೇನ್ರೀ, ತಲೆ ಮೇಲೆ ಕಲ್ಲು ಹಾಕ್ದಂಗೆ! ಕೈ ಹಿಡ್ಕೊಂಡು ಮೆತ್ತಗೆ ಹೇಳಿ," ಎಂದು ಹೈಮವತಿ ನಕ್ಕರು. ಸಭೆಯೂ ನಕ್ಕಿತು.

ಜಿನದತ್ತ ಹೈಮವತಿಯವರ ಕೈ ಹಿಡಿದು, ಒಂದೊಂದೇ ಮಾತು ಹುಡುಕಿ ಮತ್ತೆ ಹೇಳಿದರು. ಕಣ್ಣು ತುಂಬಿತ್ತು. ಸಭೆ ಚಪ್ಪಾಳೆ ತಟ್ಟಿತು.

"ಭೇಷ್, ಪಾಸಾದ್ರಿ! ಇನ್ನು ಕೈ ಬಿಡಿ," ಎಂದರು ಹೈಮವತಿ.

ಜಿನದತ್ತ ಬಿಡಲಿಲ್ಲ.

"ಮೇಡಂ, ಏನೂ ಇರಲ್ಲ ಬಿಡಿ ಅಂತ ಲ್ಯಾಬಿಗೆ ಕಳಿಸಿದ್ರಲ್ಲ, ನಿಮ್ಮ ಮಗಳ ಗಂಟಿನ ಚೂರು... ಅದರ ರಿಪೋರ್ಟೇ ನಾನು ಹೇಳಿದ್ದು."