ನುಣುಪು ತಂತಿ

ಮೊದಲ ತಂತಿ ಮೀಟುವ ಮುನ್ನ ದೀಪಾಳ ಕೈ ಒಂದು ಗಳಿಗೆ ತಡೆಯಿತು. ಹುಕ್ಕೇರಿಯಲ್ಲಿ ನರ್ಸ್ ಆಗಿರುವ ಅವಳ ಬೆರಳ ತುದಿಗಳು ದಿನವಿಡೀ ಕೈ ತೊಳೆದು ತೊಳೆದು ಒಡೆದಿದ್ದವು. ಬಾಸ್ ಗಿಟಾರಿನ ಹಳೆಯ ತಂತಿಗಳು ಅರದಂತೆ ತರಿತರಿ. ಹೋದ ವಾರದ ತಾಲೀಮಿನಲ್ಲಿ ಎರಡನೇ ಹಾಡಿಗೇ ರಕ್ತ ಬಂದಿತ್ತು. ಅದಕ್ಕೇ ನುಣುಪಾದ ಫ್ಲಾಟ್‌ವೂಂಡ್ ತಂತಿ ತರಿಸಿ ಹಾಕಿದ್ದಳು. "ಬೆರಳಿಗೆ ಛಲೋರಿ, ಆದ್ರ ಆವಾಜ್ ಮಂಕ ಆಕ್ಕೈತಿ" ಎಂದು ಅಂಗಡಿಯವನು ಎಚ್ಚರಿಸಿದ್ದ.

ಎದುರಿಗೆ ಭೀಮಗೀತೆಗಳ ತಂಡ ಕಟ್ಟಿದ ವಿಠ್ಠಲ ಕಾಕಾ ಕೂತಿದ್ದರು. ಯಮಕನಮರಡಿಯ ಭೀಮ ಜಯಂತಿ ಕಾರ್ಯಕ್ರಮಕ್ಕೆ ನಾಲ್ಕೇ ದಿನ ಉಳಿದಿತ್ತು. ಈ ಆವಾಜ್ ಅವರಿಗೆ ಹಿಡಿಸದಿದ್ದರೆ ತಾನು ಬಾಸ್ ಬಿಡಬೇಕಾಗುತ್ತದೆ ಎಂಬುದನ್ನು ದೀಪಾ ಯಾರಿಗೂ ಹೇಳಿರಲಿಲ್ಲ.

"ಹೂಂ, ಹಿಡಿ ಮಗಳ" ಎಂದು ಕಾಕಾ ಹಾಡು ಎತ್ತಿಕೊಂಡರು. ದೀಪಾ ನುಡಿಸಿದಳು. ಬೆರಳು ಸರಿಯುವಾಗ ಕಿರ್ರೆನ್ನುತ್ತಿದ್ದ ಸದ್ದು ಇರಲಿಲ್ಲ. ಸ್ವರ ಮೆತ್ತಗೆ, ದುಂಡಗೆ ಹೊರಟಿತು. ಒಂದು ನುಡಿ ಮುಗಿಯುವುದರೊಳಗೇ ಕಾಕಾ ಕೈಯೆತ್ತಿ ನಿಲ್ಲಿಸಿದರು.

"ಏನ್ ಮಾಡೀದಿ ಗಿಟಾರಿಗೆ?"

"ತಂತಿ ಬ್ಯಾರೆ ಹಾಕೇನ್ರಿ ಕಾಕಾ. ಬ್ಯಾಡಂದ್ರ..."

"ಇಷ್ಟ್ ದಿನ ನಿನ್ನ ಗಿಟಾರಿಗಿಂತ ಜೋರ್ ಒದರಿ ಒದರಿ ಗಂಟಲ ಹೋಗತಿತ್ತವಾ. ಇವತ್ತ ಹಾಡಿನ ಒಂದೊಂದ್ ಮಾತೂ ನನಗ ಕೇಳಸಾಕತ್ತೈತಿ. ಇದ ಇರ್ಲಿ."

ದೀಪಾಳ ಮೈಯೆಲ್ಲ ಹಗುರಾಯಿತು. ಅಳು ಬರುವಂತಾಗಿ, ನಕ್ಕುಬಿಟ್ಟಳು.

"ಮೊದಲಿಂದ ಹಾಡ್ರಿ ಕಾಕಾ" ಎಂದಳು.