ಬೈಂಡಿಂಗಿಗೆ ಹೋದ ಮೂವತ್ತೊಂದು ಪುಸ್ತಕಗಳು

“ಮೇಡಂ, ನಿಮ್ಮ ಬೈಂಡರ್ ಇನ್ನೂ ಬದುಕಿದ್ದಾರಾ?” ಪರದೆಯಿಂದ ಕಣ್ಣು ಕೀಳದೆ ಕೇಳಿದ ಎಂಜಿನಿಯರ್.

ಗ್ರಂಥಪಾಲಕಿಗೆ ರೇಗಿತು. ಹನ್ನೊಂದು ಸಾವಿರ ಪುಸ್ತಕಗಳ ಪಟ್ಟಿಯನ್ನು ಹೊಸ ವ್ಯವಸ್ಥೆಗೆ ಸಾಗಿಸಬೇಕೆಂದು ಆಕೆ ಆರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು. ಒಂದೇ ಪುಸ್ತಕ ಎರಡೆರಡು ಸಲ ನುಸುಳಿದ್ದು, ಲೇಖಕರ ಜಾಗದಲ್ಲಿ ಪ್ರಕಾಶಕರು ಕೂತದ್ದು, 1978ರಲ್ಲಿ ಅಚ್ಚಾದದ್ದು 8791 ಆಗಿದ್ದದ್ದು ಎಲ್ಲವನ್ನೂ ತಿದ್ದಿದ್ದಳು. ಆನೆ ದಾಟಿತು, ಬಾಲ ಸಿಕ್ಕಿಕೊಂಡಿತು: ಮೂವತ್ತೊಂದು ಪುಸ್ತಕಗಳ ಮುಂದೆ ‘ಬೈಂಡಿಂಗಿಗೆ ಹೋಗಿದೆ’ ಎಂದಿತ್ತು. ಕೆಲವು ಹೋಗಿ ಮೂವತ್ತು ವರ್ಷವಾಗಿತ್ತು.

“ಪಟ್ಟಿ ಸಂಜೆ ನಾಲ್ಕಕ್ಕೆ ಹೋಗ್ಲೇಬೇಕು. ಹೊಸ ಸಿಸ್ಟಮ್‌ನಲ್ಲಿ ಬೈಂಡಿಂಗಿಗೆ ಆರು ತಿಂಗಳಷ್ಟೇ ಗಡುವು. ಇದೆ, ಕಳೆದಿದೆ, ರದ್ದಾಗಿದೆ, ಮೂರರಲ್ಲಿ ಒಂದು ಹೇಳಿ ಮೇಡಂ.”

ಬೈಂಡರ್ ತಾತನ ಅಂಗಡಿ ಗ್ರಂಥಾಲಯದ ಹಿಂದಿನ ಗಲ್ಲಿಯಲ್ಲೇ ಇತ್ತು. ಆತ ಅಂಟು ಮೆತ್ತಿದ ಕೈ ಒರೆಸಿಕೊಂಡು, ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿ ನಕ್ಕುಬಿಟ್ಟ.

“ಇದ್ರಲ್ಲಿ ಒಂದೂ ನನ್ನ ಹತ್ರ ಬಂದಿಲ್ಲ ತಾಯಿ.”

“ಮತ್ತೆ ನನಗಿಂತ ಮುಂಚೆ ಲೈಬ್ರರಿ ನೋಡ್ಕೊಳ್ತಿದ್ದ ಹಳೇ ಸರ್ ಹೀಗ್ಯಾಕೆ ಬರೆದ್ರು ತಾತ?”

“ಎಲ್ಲಾ ಮಕ್ಕಳು ಕಳ್ಕೊಂಡಿದ್ದು. ಪುಸ್ತಕ ಕಳೆದ್ರೆ ಕಾರ್ಡು ಬಂದ್, ಜನ್ಮಕ್ಕೂ ಇನ್ನೊಂದಿಲ್ಲ ಅಂತ ನಿಮ್ಮ ಕಾನೂನು ಇದ್ಯಲ್ಲ? ಅದಕ್ಕೆ ನಿಮ್ಮ ಸರ್‌ಗೆ ಕೈ ಬರ್ತಿರ್ಲಿಲ್ಲ. ಹೊಟ್ಟೆಗೆ ಹಾಕ್ಕೊಂಡು, ಬೈಂಡಿಂಗಿಗೆ ಹೋಗಿದೆ ಅಂತ ಬರೆದುಬಿಡೋರು. ತಪಾಸಣೆಯೋರು ಬಂದು ಕೇಳಿದ್ರೆ, ಹೌದು ಸ್ವಾಮಿ, ಕೆಲಸ ಬಾಕಿ ಇದೆ ಅಂತಿದ್ದೆ ನಾನು. ಊರಿಗೆಲ್ಲ ನಾನೇ ಸೋಮಾರಿ!”

“ಮೂವತ್ತು ವರ್ಷ ಸುಮ್ಮನೆ ಬೈಸಿಕೊಂಡ್ರಾ?”

“ಸುಮ್ಮನೆ ಯಾಕೆ? ಬೈಸಿಕೊಂಡಾಗಲೆಲ್ಲ ನಿಮ್ಮ ಸರ್ ಕರೆದು ಟೀ ಕುಡಿಸೋರು.”

ವಾಪಸು ಬರುತ್ತ ಗಲ್ಲಿಯ ತಿರುವಿನಲ್ಲಿ ಆಕೆ ಪಟ್ಟಿಯ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದಳು. ಹತ್ತೊಂಬತ್ತನೆಯ ಸಾಲು: ತಿಮಿಂಗಿಲಗಳ ಪುಸ್ತಕ, ಕೊನೆಗೆ ಒಯ್ದ ಸದಸ್ಯರ ಸಂಖ್ಯೆ 1187. ಅದು ಅವಳದೇ ಕಾರ್ಡು. ಹತ್ತು ವರ್ಷದ ಹುಡುಗಿ ಬಸ್ಸಿನ ಸೀಟಿನಲ್ಲಿ ಪುಸ್ತಕ ಮರೆತು, ಎರಡು ವಾರ ಗ್ರಂಥಾಲಯದ ಬೀದಿಗೇ ಕಾಲಿಡದೆ, ಕೊನೆಗೆ ಅಳುತ್ತ ಸರ್ ಮುಂದೆ ನಿಂತಿದ್ದಳು. ಅವರು ಏನೂ ಕೇಳದೆ ರಿಜಿಸ್ಟರಿನಲ್ಲಿ ಏನೋ ಗೀಚಿ, “ಆಯ್ತು ಬಿಡು, ಇವತ್ತು ಯಾವುದು ಬೇಕು?” ಎಂದಿದ್ದರು. ಪುಸ್ತಕ ಯಾರಿಗೋ ಸಿಕ್ಕಿ ಗ್ರಂಥಾಲಯಕ್ಕೆ ವಾಪಸು ಬಂದಿರಬೇಕೆಂದೇ ಅವಳು ಇಷ್ಟು ವರ್ಷ ನಂಬಿದ್ದಳು. ಆ ಕಾರ್ಡು ಅಂದೇ ಹೋಗಿದ್ದರೆ ಮನೆಯಲ್ಲಿ ಪುಸ್ತಕ ಕೊಳ್ಳುವವರು ಯಾರಿದ್ದರು? ಇವತ್ತು ಥ್ಯಾಂಕ್ಸ್ ಹೇಳೋಣವೆಂದರೆ ಸರ್ ತೀರಿಕೊಂಡು ನಾಲ್ಕು ವರ್ಷ. ಬೀದಿಯಲ್ಲೇ ಕಣ್ಣು ತುಂಬಿಬಂತು.

ಮೇಜಿಗೆ ಬಂದು ಕೂತಾಗ ಮೂರು ಗಂಟೆ. ‘ಕಳೆದಿದೆ’ ಎಂದು ಒತ್ತಿದರೆ ಹೊಸ ವ್ಯವಸ್ಥೆ ಯಾರ ಮುಖವನ್ನೂ ನೋಡದೆ ಕೊನೆಗೆ ಒಯ್ದವರ ಕಾರ್ಡನ್ನು ತಾನಾಗಿಯೇ ಬಂದ್ ಮಾಡುತ್ತದೆ. ಪಟ್ಟಿಯಲ್ಲಿದ್ದ ಆ ಮಕ್ಕಳೆಲ್ಲ ಈಗ ದೊಡ್ಡವರು. ಒಬ್ಬಳು ನರ್ಸ್, ಡ್ಯೂಟಿ ಮುಗಿಸಿ ಕಾದಂಬರಿಗೆ ಬರುತ್ತಾಳೆ. ಒಬ್ಬ ಬಡಗಿ, ಹೋದ ವಾರವಷ್ಟೇ ಮಗಳನ್ನು ಕೈಹಿಡಿದು ತಂದು ಅವಳಿಗೂ ಕಾರ್ಡು ಮಾಡಿಸಿದ್ದ. ಮಗಳ ಮುಂದೆ ಅಪ್ಪನ ಕಾರ್ಡು ಬಂದ್ ಆಗಬೇಕೆ?

ಗ್ರಂಥಪಾಲಕಿ ತನ್ನ ಸಹಿಯಿಂದಲೇ ವರ್ಷಕ್ಕೆ ಐವತ್ತು ಪುಸ್ತಕ ರದ್ದು ಮಾಡಬಹುದು; ರದ್ದಾದ ಪುಸ್ತಕಕ್ಕೆ ಯಾರೂ ಹೊಣೆಯಲ್ಲ. ಈ ವರ್ಷ ಇಪ್ಪತ್ತು ಆಗಲೇ ಗೆದ್ದಲಿನ ಪಾಲಾಗಿದ್ದವು. ಉಳಿದದ್ದು ಮೂವತ್ತು. ಆಕೆ ಒಂದೊಂದೇ ಸಾಲಿಗೆ ‘ರದ್ದು’ ಹಾಕುತ್ತ ಬಂದಳು. ಹತ್ತೊಂಬತ್ತನೆಯದನ್ನು ದಾಟಿ ಇಪ್ಪತ್ತಕ್ಕೆ ಹೋದಳು.

“ಒಂದು ಉಳೀತಲ್ಲ ಮೇಡಂ?”

“ಅದು ಕಳೆದಿದೆ ಅಂತ ಹಾಕಿ.”

“ಖಂಡಿತ ಕಳೆದಿದ್ಯಾ?”

“ನನಗೆ ಚೆನ್ನಾಗಿ ಗೊತ್ತು.”

ಸೋಮವಾರ ಬೆಳಿಗ್ಗೆ ಹೊಸ ವ್ಯವಸ್ಥೆ ಶುರುವಾಯಿತು. ಬೋಣಿ ಮೇಡಂ ಕೈಯಿಂದಲೇ ಆಗಲಿ ಎಂದು ಎಂಜಿನಿಯರ್ ಆಕೆಯ ಕಾರ್ಡು ಇಸಿದುಕೊಂಡು ಸ್ಕ್ಯಾನ್ ಮಾಡಿದ. ಪರದೆ ಕೆಂಪಾಯಿತು.

“ಅಯ್ಯೋ, ನಿಮ್ಮ ಕಾರ್ಡೇ ಬಂದ್ ಅಂತಿದೆ! ಎಲ್ಲೋ ತಪ್ಪಾಗಿದೆ ಮೇಡಂ.”

“ತಪ್ಪಾಗಿಲ್ಲಪ್ಪ, ಸರಿಯಾಗೇ ಇದೆ. ಇಪ್ಪತ್ತಾರು ವರ್ಷ ತಡವಾಯ್ತು, ಅಷ್ಟೇ,” ಎಂದು ಆಕೆ ಕಾರ್ಡಿಗೆ ಕೈಚಾಚಿದಳು. “ನಾನು ಓದಿದ್ದೆಲ್ಲ ಆ ತಡದಲ್ಲೇ.”